ಫ್ಯೂಸ್ ಸುಟ್ಟರೆ ಗಾಡಿ ಉಳಿಯುತ್ತದೆ

ಸಂಘದ ಸಭೆಗೆ ಪಾಠ: ಹಳೆಯ ಗಾಡಿಯ ವೈರಿಂಗ್ ಮತ್ತು ಫ್ಯೂಸ್ ಪೆಟ್ಟಿಗೆ



ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಭಾಗದ ಸಂಘಗಳಲ್ಲಿ ಎಮ್ಮೆ, ಹೊಲಿಗೆ ಯಂತ್ರದ ಸಾಲದ ಜೊತೆಗೆ ಗಾಡಿಗೂ ಸಾಲ ಕೇಳುವವರಿದ್ದಾರೆ. ಯಜಮಾನರಿಗೆ ಆಟೊ, ಮಗನಿಗೆ ಟಂಟಂ, ಭತ್ತ ಸಾಗಿಸಲು ಟ್ರ್ಯಾಕ್ಟರ್, ಮೆಣಸಿನಕಾಯಿ, ತರಕಾರಿ ಹೊರಲು ಲಗೇಜ್ ಗಾಡಿ. ಹೊಸದಕ್ಕೆ ದುಡ್ಡು ಸಾಲುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುತ್ತೇವೆ. ಟಾಟಾ ಏಸ್ ಮಾರುಕಟ್ಟೆಗೆ ಬಂದದ್ದು 2005ರಲ್ಲಿ. ಮೊದಲು ಬಂದ ಗಾಡಿಗಳಿಗೆ ಈಗ ಇಪ್ಪತ್ತು ವರ್ಷದ ವಯಸ್ಸು. ಕೊಳ್ಳುವಾಗ ಟೈರ್ ನೋಡುತ್ತೇವೆ, ಇಂಜಿನ್ ಶಬ್ದ ಕೇಳುತ್ತೇವೆ, ಬಣ್ಣ ನೋಡುತ್ತೇವೆ. ಬಗ್ಗಿ ವೈರ್ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

"ಅಕ್ಕಾ, ಫ್ಯೂಸ್ ಮ್ಯಾಲಿಂದ ಮ್ಯಾಲೆ ಹೋಗ್ತಿತ್ತು ರೀ. ತಾಮ್ರದ ತಂತಿ ಸುತ್ತಿಸಿವಿ. ಈಗ ಹೋಗದೇ ಇಲ್ಲ" ಎಂದು ಒಬ್ಬರು ಸಭೆಯಲ್ಲಿ ಖುಷಿಯಿಂದ ಹೇಳಿದರೆ ನಾವೂ ತಲೆ ಆಡಿಸುತ್ತೇವೆ. ಆದರೆ ಅಪಾಯ ಶುರುವಾಗುವುದು ಅಲ್ಲಿಂದಲೇ. ಇವತ್ತಿನ ಪಾಠ ಇದನ್ನು ಕುರಿತದ್ದು.

ಫ್ಯೂಸ್ ಏನು ಕಾಯುತ್ತದೆ?

ಫ್ಯೂಸ್ ಇರುವುದು ಲೈಟ್ ಕಾಯಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ಮುಖ್ಯವಾಗಿ ವೈರನ್ನು.

ತುಂಗಭದ್ರಾ ಕಾಲುವೆಯ ನೀರು ಕಂಡ ನಮಗೆ ಇದು ಸುಲಭವಾಗಿ ತಿಳಿಯುತ್ತದೆ. ವೈರ್ ಎಂದರೆ ಹೊಲಕ್ಕೆ ಹೋಗುವ ಸಣ್ಣ ಕಾಲುವೆ. ತಾಳುವಷ್ಟೇ ನೀರು ಬಿಡಬೇಕು, ಹೆಚ್ಚು ಬಿಟ್ಟರೆ ಏರಿ ಒಡೆಯುತ್ತದೆ. ಫ್ಯೂಸ್ ಎಂದರೆ ನೀರು ಮಿತಿ ಮೀರಿದ ಕೂಡಲೇ ತಾನೇ ಮುಚ್ಚಿಕೊಳ್ಳುವ ತೂಬು. ಆ ತೂಬನ್ನು ಕಿತ್ತು ಹಾಕಿದರೆ ಒಡೆಯುವುದು ಕಾಲುವೆ. ಗಾಡಿಯಲ್ಲಾದರೆ ವೈರ್ ಕಾದು, ಮೇಲಿನ ಪ್ಲಾಸ್ಟಿಕ್ ಕರಗಿ, ಬೆಂಕಿ ಹತ್ತುತ್ತದೆ.

"12 ವೋಲ್ಟ್ ತಾನೆ, ಶಾಕ್ ಹೊಡಿಯಲ್ಲ" ಎನ್ನುತ್ತಾರೆ. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದಾಗ ಬ್ಯಾಟರಿಯಿಂದ ನೂರಾರು ಆಂಪಿಯರ್ ಕರೆಂಟ್ ಒಮ್ಮೆಲೇ ಹರಿಯಬಲ್ಲದು. ಬೆಂಕಿಗೆ ಅಷ್ಟು ಸಾಕು.

ಹಳೆಯ ವೈರ್ ಏಕೆ ಕೆಡುತ್ತದೆ?

ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದರ ಮೇಲೆ ಇಂಜಿನ್ನಿನ ಕಾವು. ವರ್ಷ ಕಳೆದಂತೆ ವೈರಿನ ಪ್ಲಾಸ್ಟಿಕ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಗಾಡಿ ಅದುರಿದಾಗ ತಗಡಿನ ಅಂಚಿಗೆ ಉಜ್ಜಿ ಒಳಗಿನ ತಾಮ್ರ ಹೊರಬೀಳುತ್ತದೆ. ಗಾಡಿಯ ಬಾಡಿಯೇ ಬ್ಯಾಟರಿಯ ನೆಗೆಟಿವ್; ತಾಮ್ರ ಅದಕ್ಕೆ ತಾಗಿದರೆ ಶಾರ್ಟ್. ಕೆಂಪು ಧೂಳು, ಮಳೆ ನೀರು ಸೇರಿ ಫ್ಯೂಸ್ ಪೆಟ್ಟಿಗೆಯ ಕ್ಲಿಪ್‌ಗಳು ಕಿಲುಬು ಹಿಡಿಯುತ್ತವೆ. ಭತ್ತದ ಚೀಲದ ಪಕ್ಕ ಗಾಡಿ ನಿಲ್ಲಿಸಿದರೆ ಇಲಿಗಳೂ ವೈರ್ ಕಡಿಯುತ್ತವೆ. ಇದೆಲ್ಲ ಸಾಲದು ಎಂದು ನಾವು ದೊಡ್ಡ ಹಾರ್ನ್, ಹಾಡಿನ ಸೆಟ್, ಬಣ್ಣದ ಲೈಟುಗಳನ್ನು ಅದೇ ಹಳೆಯ ವೈರಿಗೆ ಜೋಡಿಸುತ್ತೇವೆ.

ಒಂದು ಸಣ್ಣ ಲೆಕ್ಕ

ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 60 ವ್ಯಾಟಿನ ಎರಡು ಹೆಡ್‌ಲೈಟ್ ಎಂದರೆ 120 ವ್ಯಾಟ್. 120ನ್ನು 12ರಿಂದ ಭಾಗಿಸಿದರೆ 10 ಆಂಪಿಯರ್. ಇದಕ್ಕೆ ಸ್ವಲ್ಪ ಮೇಲಿನ 15 ಆಂಪಿಯರ್ ಫ್ಯೂಸ್, ಅದನ್ನು ತಾಳುವ 2.5 ಚದರ ಮಿ.ಮೀ. ತಾಮ್ರದ ವೈರ್ ಹಾಕಬಹುದು. ಅಲ್ಲಿ 30ರ ಫ್ಯೂಸ್ ಅಥವಾ ತಂತಿ ಹಾಕಿದರೆ, ಹಳೆಯ ತೆಳು ವೈರ್ ಸುಡಲು ಶುರುವಾದರೂ ಫ್ಯೂಸ್ ಹೋಗುವುದಿಲ್ಲ. (ದೊಡ್ಡ ಲಾರಿಗಳಲ್ಲಿ ಹೆಚ್ಚಾಗಿ 24 ವೋಲ್ಟ್ ಇರುತ್ತದೆ. ಈ ಲೆಕ್ಕ 12 ವೋಲ್ಟಿನದು.)

ಈಗಿನ ಚಪ್ಪಟೆ ಫ್ಯೂಸುಗಳನ್ನು ಬಣ್ಣದಿಂದ ಗುರುತಿಸಬಹುದು:

ಕಂಪು – 10 ಆಂಪಿಯರ್
ನೀಲಿ – 15
ಹಳದಿ – 20
ಹಸಿರು – 30

ಎಚ್ಚರಿಕೆ: ಹಳೆಯ ಉದ್ದನೆಯ ಪಿಂಗಾಣಿ ಫ್ಯೂಸುಗಳ ಬಣ್ಣದ ಲೆಕ್ಕವೇ ಬೇರೆ. ಅದರಲ್ಲಿ ಕೆಂಪು ಎಂದರೆ 16, ಹಳದಿ ಎಂದರೆ 5. ಬಣ್ಣ ನಂಬಿ ಬದಲಾಯಿಸಬೇಡಿ, ಮೇಲಿನ ಅಂಕಿ ಓದಿ.

ಕೆಲಸ ಹೇಗೆ ಮಾಡಿಸಬೇಕು?

ಇದು ತಿಳಿದ ಆಟೊ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ಆದರೆ ದುಡ್ಡು ಕೊಡುವವರು ನಾವು. ಏನು ಕೇಳಬೇಕೆಂದು ನಮಗೆ ಗೊತ್ತಿರಬೇಕು.

1. ಮೊದಲು ಗಾಡಿಯಲ್ಲಿ ಕರೆಂಟ್ ತಿನ್ನುವ ಎಲ್ಲದರ ಪಟ್ಟಿ ಬರೆಸಿರಿ. ಬೇಡವಾದದ್ದನ್ನು ತೆಗೆಸಿರಿ.
2. ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ಎಲ್ಲ ಮುಗಿದ ಮೇಲೆ ಕೊನೆಗೆ ಅದನ್ನು ಹಾಕಬೇಕು.
3. ಮುಚ್ಚಳ ಇರುವ ಹೊಸ ಫ್ಯೂಸ್ ಪೆಟ್ಟಿಗೆಯನ್ನು ನೀರು, ಕಾವು ತಾಗದ ಕಡೆ ಕೂಡಿಸಬೇಕು. ಹೆಡ್‌ಲೈಟ್, ಹಾರ್ನ್, ಇಂಡಿಕೇಟರ್, ವೈಪರ್, ಎಲ್ಲಕ್ಕೂ ಬೇರೆ ಬೇರೆ ಫ್ಯೂಸ್. ಯಾವುದು ಯಾವುದರದು ಎಂದು ಮುಚ್ಚಳದ ಮೇಲೆ ಕನ್ನಡದಲ್ಲಿ ಬರೆಸಿರಿ.
4. ಪೆಟ್ಟಿಗೆಗೆ ಬರುವ ಮುಖ್ಯ ವೈರಿಗೆ ಬ್ಯಾಟರಿಯ ಹತ್ತಿರವೇ ಒಂದು ಮೇನ್ ಫ್ಯೂಸ್ ಬೇಕು. ಸ್ಟಾರ್ಟರಿನ ದಪ್ಪ ಕೇಬಲ್ ಬೇರೆ, ಅದು ಇದರ ಮೂಲಕ ಹೋಗುವುದಿಲ್ಲ.
5. ಹೆಡ್‌ಲೈಟ್, ದೊಡ್ಡ ಹಾರ್ನಿಗೆ ರಿಲೇ ಹಾಕಿಸಿರಿ. ಆಗ ಹೆಚ್ಚಿನ ಕರೆಂಟ್ ಸ್ವಿಚ್ಚಿನ ಮೂಲಕ ಹರಿಯದು, ಸ್ವಿಚ್ ಕರಗದು.
6. ಮನೆಯ ವೈರ್ ಬೇಡ. ಎಣ್ಣೆ, ಕಾವು ತಾಳುವ ಗಾಡಿಯ ವೈರೇ ಬೇಕು. ತಿರುಚಿ ಟೇಪ್ ಸುತ್ತಿದ ಜೋಡಣೆ ಒಪ್ಪಬೇಡಿ, ಲಗ್ ಹಾಕಿ ಒತ್ತಿಸಿರಿ. ತಗಡಿನ ತೂತು ದಾಟುವ ಕಡೆ ರಬ್ಬರ್ ಬುಷ್ ಇರಲಿ.
7. ಅರ್ಥಿಂಗ್ ಬೋಲ್ಟುಗಳ ತುಕ್ಕು ಉಜ್ಜಿ ಬಿಗಿ ಮಾಡಿಸಿರಿ. ಲೈಟ್ ಮಂದವಾಗಲು ಇದೇ ಕಾರಣ ಇರಬಹುದು.
8. ಕೊನೆಗೆ ಇಂಜಿನ್ ಚಾಲೂ ಮಾಡಿ ಎಲ್ಲ ಲೈಟ್ ಹಾಕಿ ಕಾಲು ಗಂಟೆ ಬಿಡಿ. ಫ್ಯೂಸ್ ಪೆಟ್ಟಿಗೆ, ಅದರ ವೈರುಗಳನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಕೆಲಸ ಸರಿಯಾಗಿಲ್ಲ.

ಎಲ್ಲವನ್ನೂ ಒಂದೇ ಸಲ ಮಾಡಿಸಲು ಕೈಲಾಗದಿದ್ದರೆ ಮೇನ್ ಫ್ಯೂಸ್, ಹೆಡ್‌ಲೈಟಿನ ವೈರ್ ಮೊದಲು ಆಗಲಿ. ತಂತಿ ಸುತ್ತಿದ ಫ್ಯೂಸನ್ನು ಮಾತ್ರ ಇವತ್ತೇ ತೆಗೆಸಿರಿ. ಎಲ್.ಪಿ.ಜಿ. ಕಿಟ್ ಇರುವ ಆಟೊದಲ್ಲಿ ಒಂದು ಕಿಡಿಯೂ ಅಪಾಯ; ಅಲ್ಲಿ ತಡ ಮಾಡಲೇಬೇಡಿ.

ಸಂಘಕ್ಕೆ ಇದರಲ್ಲಿ ಏನು ಕೆಲಸ?

ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ, ನಮ್ಮ ಗಾಡಿ ಸುಟ್ಟದ್ದಕ್ಕೆ ಪರಿಹಾರ ಬರುವುದಿಲ್ಲ. ಗಾಡಿ ಹೋಗುತ್ತದೆ, ದುಡಿಮೆ ಹೋಗುತ್ತದೆ, ಸಾಲದ ಕಂತು ಮಾತ್ರ ಉಳಿಯುತ್ತದೆ. ಆ ಕಂತು ಹತ್ತಿಪ್ಪತ್ತು ಅಕ್ಕಂದಿರ ಉಳಿತಾಯದ ದುಡ್ಡು. ಗಾಡಿಯೊಳಗೆ ಶಾಲೆಯ ಮಕ್ಕಳಿದ್ದರಂತೂ ಅದರ ಬೆಲೆ ಯಾವ ಪುಸ್ತಕದಲ್ಲೂ ಬರೆಯಲಾಗದು.

ಆದ್ದರಿಂದ ಹಳೆಯ ಗಾಡಿಗೆ ಸಾಲ ಕೇಳಿದಾಗ ವೈರಿಂಗ್ ತೋರಿಸಲು ಹೇಳಿರಿ. ರಿಪೇರಿ ಖರ್ಚನ್ನೂ ಸಾಲದ ಲೆಕ್ಕದಲ್ಲಿ ಸೇರಿಸಿರಿ. ಎರಡು ಕಡೆ ಅಂದಾಜು ಬರೆಸಿಕೊಂಡು, ಕೆಲಸ ಆದ ಮೇಲೆ ಬಿಲ್ ಪಡೆಯಿರಿ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಅದಕ್ಕೆ ಮುಂಚೆ ವೈರಿಂಗ್ ನೋಡಿಸುವ ರೂಢಿ ಇಟ್ಟುಕೊಳ್ಳಿ. ಸರಿಯಾದ ಅಂಕಿಯ ನಾಲ್ಕು ಬಿಡಿ ಫ್ಯೂಸ್ ಗಾಡಿಯಲ್ಲೇ ಇರಲಿ. ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ, ಕೀ ತೆಗೆದು, ಮೊದಲು ಜನರನ್ನು ಇಳಿಸಿ.

ಮ್ಯಾಲಿಂದ ಮ್ಯಾಲೆ ಫ್ಯೂಸ್ ಹೋಗುತ್ತಿದ್ದರೆ ಅದು ಕಾಟ ಕೊಡುತ್ತಿಲ್ಲ, "ಎಲ್ಲೋ ತಪ್ಪೈತಿ, ನೋಡ್ರಿ" ಎನ್ನುತ್ತಿದೆ. ಅದರ ಬಾಯಿ ಮುಚ್ಚಿಸಬೇಡಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಹಳೆಯ ಗಾಡಿ ಇದೆ? ಅದರ ಫ್ಯೂಸ್ ಪೆಟ್ಟಿಗೆ ಎಲ್ಲಿದೆ ಎಂದು ಗೊತ್ತೇ?
2. ಯಾವುದಾದರೂ ಫ್ಯೂಸಿಗೆ ತಂತಿ ಸುತ್ತಿದೆಯೇ? ಮುಂದಿನ ಸಭೆಯೊಳಗೆ ನೋಡಿ ಬಂದು ಹೇಳಿರಿ.
3. ಗಾಡಿ ಸಾಲ ಕೊಡುವ ಮುಂಚೆ ವೈರಿಂಗ್ ನೋಡಬೇಕೆಂದು ನಿರ್ಣಯ ಮಾಡೋಣವೇ? ಮಾಡಿದರೆ ನಡಾವಳಿ ಪುಸ್ತಕದಲ್ಲಿ ಬರೆಯಿರಿ.