ಅಡುಗೆ ಸಿಲಿಂಡರ್ ಅಡುಗೆಮನೆಯಲ್ಲೇ ಇರಲಿ: ಕಾರಿಗೆ ಗ್ಯಾಸ್ ಹಾಕಿಸುವವರಿಗೆ ಕಿವಿಮಾತು

ತಮ್ಮಾ, ನಮ್ಮ ಹಿಪ್ಪರಗಿ ಹುಡುಗರ ಕೈಗುಣ ನನಗೆ ಗೊತ್ತು. ಹೊಳೆದಂಡೆಯ ಪಂಪ್‌ಸೆಟ್ ಕೆಟ್ಟರೆ ಜಮಖಂಡಿಯಿಂದ ಮಿಸ್ತ್ರಿ ಬರುವ ತನಕ ಕಾಯುವವರಲ್ಲ, ತಾವೇ ಬಿಚ್ಚಿ ಜೋಡಿಸುತ್ತಾರೆ. ಅದೇ ಧೈರ್ಯದ ಮೇಲೆ ನೀನೀಗ ಹಳೆಯ ಪೆಟ್ರೋಲ್ ಕಾರಿಗೆ ನಿನ್ನ ಕೈಯಿಂದಲೇ ಎಲ್‌ಪಿಜಿ ಕಿಟ್ ಕೂಡಿಸಲು ಹೊರಟಿದ್ದೀ. ಗ್ಯಾಸ್ ಬೇಡವೇ ಬೇಡ ಅಂತ ನಾನು ಅನ್ನುವುದಿಲ್ಲ. ಲೆಕ್ಕ ಹಾಕುವುದು, ಆರಿಸುವುದು, ಪರೀಕ್ಷಿಸುವುದು, ನಿಗಾ ಮಾಡುವುದು, ಇವೆಲ್ಲ ನಿನ್ನ ಕೆಲಸ. ಗ್ಯಾಸ್ ಹರಿಯುವ ಟ್ಯಾಂಕ್, ಪೈಪ್, ವಾಲ್ವ್ ಮಾತ್ರ ಪರವಾನಗಿ ಇರುವ ಫಿಟರ್‌ನ ಕೆಲಸ. ಒಂದೊಂದಾಗಿ ಹೇಳುತ್ತೇನೆ, ಕೇಳು.

ಹಾಕಿಸುವ ಮೊದಲು

• ಗಾಡಿ ಯಾವುದು ನೋಡು. ಈ ಕಿಟ್ ಪೆಟ್ರೋಲ್ ಗಾಡಿಗೆ ಮಾತ್ರ. ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ, ಗ್ಯಾಸಿಗೆ ಕಿಡಿ ಕೊಡುವವರಾರು? ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800, ಓಮ್ನಿಗಳಿಗೆ ಮಿಕ್ಸರ್ ಕಿಟ್ ಸಾಕು. ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ ಎಂಪಿಎಫ್‌ಐ ಗಾಡಿಗೆ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಇಂಜೆಕ್ಟರ್ ಇರುವ ಸೀಕ್ವೆನ್ಶಿಯಲ್ ಕಿಟ್ಟೇ ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವ ಯೋಚನೆ ಇದ್ದರೆ 2006ರಲ್ಲಿ ಬಂದ ವ್ಯಾಗನ್ ಆರ್ ಡ್ಯುಯೊದಂಥ, ಕಂಪನಿಯಿಂದಲೇ ಎಲ್‌ಪಿಜಿ ಕೂಡಿಸಿ ಬಂದ ಗಾಡಿಯನ್ನೂ ಹುಡುಕಿ ನೋಡು.

• ಬಂಕ್ ಎಲ್ಲಿದೆ ತಿಳಿದುಕೋ. ಆಟೋ ಎಲ್‌ಪಿಜಿ ಎಲ್ಲ ಪೆಟ್ರೋಲ್ ಬಂಕಿನಲ್ಲಿ ಸಿಗುವುದಿಲ್ಲ. ನೀನು ದಿನಾ ಓಡಾಡುವ ದಾರಿಯಲ್ಲಿ ಬಂಕ್ ಇದ್ದರೆ ಮಾತ್ರ ಮುಂದಿನ ಮಾತು. ಗ್ಯಾಸ್ ತುಂಬಿಸಲಿಕ್ಕೆಂದೇ ಜಿಲ್ಲೆ ದಾಟುವುದಾದರೆ ಉಳಿತಾಯವೆಲ್ಲ ದಾರಿಯಲ್ಲೇ ಹೋಗುತ್ತದೆ. ಸಿಎನ್‌ಜಿ ಬಂಕ್ ನೋಡಿ ಮೋಸ ಹೋಗಬೇಡ. ಸಿಎನ್‌ಜಿ 200 ಬಾರ್ ಒತ್ತಡದ್ದು, ಎಲ್‌ಪಿಜಿ ಟ್ಯಾಂಕ್ ಅದನ್ನು ತಡೆಯುವುದಿಲ್ಲ. ಎರಡರ ಕಿಟ್ಟೂ ಬೇರೆ.

• ಕಾಗದದ ಮೇಲೆ ಲೆಕ್ಕ ಹಾಕು. ಲೀಟರಿಗೆ ಹೋಲಿಸಿದರೆ ಗ್ಯಾಸಿನ ಮೈಲೇಜ್ ಪೆಟ್ರೋಲಿಗಿಂತ ಕಡಿಮೆ. ಐದರಲ್ಲಿ ಒಂದು ಪಾಲು ಕಡಿಮೆ ಅಂತ ಹಿಡಿ. ಮಾತಿಗೆ ಪೆಟ್ರೋಲ್ 100 ರೂಪಾಯಿ, ಗ್ಯಾಸ್ 60 ರೂಪಾಯಿ, ಕಿಟ್ 40,000 ರೂಪಾಯಿ ಅನ್ನೋಣ. ಪೆಟ್ರೋಲಿನ ಮೇಲೆ 15 ಕಿ.ಮೀ. ಕೊಡುವ ಗಾಡಿ ಗ್ಯಾಸಿನ ಮೇಲೆ 12 ಕೊಡುತ್ತದೆ. ಕಿ.ಮೀ.ಗೆ ಖರ್ಚು 6.67 ರೂಪಾಯಿಯಿಂದ 5 ರೂಪಾಯಿಗೆ ಇಳಿಯುತ್ತದೆ. ಕಿಟ್ಟಿನ ದುಡ್ಡು ಹುಟ್ಟಬೇಕಾದರೆ 24,000 ಕಿ.ಮೀ. ಓಡಬೇಕು. ತಿಂಗಳಿಗೆ 2,000 ಕಿ.ಮೀ. ಓಡುವ ಬಾಡಿಗೆ ಗಾಡಿಗೆ ಅದು ಒಂದು ವರ್ಷದ ಮಾತು. ಸಂತೆಗೆ, ಮದುವೆಗೆ ಅಂತ ತಿಂಗಳಿಗೆ 500 ಓಡಿಸುವವನಿಗೆ ನಾಲ್ಕು ವರ್ಷ. ಅಂಥವನು ಹಾಕಿಸದಿರುವುದೇ ಲೇಸು. ಇವತ್ತಿನ ದರ ಹಾಕಿ ನಿನ್ನ ಗಾಡಿಯ ಲೆಕ್ಕ ನೀನೇ ತೆಗಿ.

• ಇಂಜಿನ್ ಮೊದಲು ಸರಿಮಾಡು. ಹೊಗೆ ಬಿಡುವ, ಕಂಪ್ರೆಶನ್ ಇಳಿದ ಗಾಡಿಗೆ ಗ್ಯಾಸ್ ಮದ್ದಲ್ಲ. ಪ್ಲಗ್, ಪ್ಲಗ್ ವೈರ್, ಏರ್ ಫಿಲ್ಟರ್, ರೇಡಿಯೇಟರ್ ಇವನ್ನು ನಿನ್ನ ಕೈಯಿಂದಲೇ ಸರಿಮಾಡಿ ಆಮೇಲೆ ಫಿಟರ್ ಹತ್ತಿರ ಹೋಗು.

ಕಾಗದಪತ್ರ

• ಕಾನೂನು ತಿಳಿದುಕೋ. ಗಾಡಿಗೆ ಎಲ್‌ಪಿಜಿ ಬಳಸಲು ದಾರಿಯಾದದ್ದು ಮೋಟಾರು ವಾಹನ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ಬಂದ ಮೇಲೆ. ಆ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಂಧನ ಬದಲಿಸುವುದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು, ಕಿಟ್ಟೂ ಮಂಜೂರಾದದ್ದೇ ಆಗಿರಬೇಕು. ಪುಣೆಯ ಎಆರ್‌ಎಐನಂಥ ಸಂಸ್ಥೆ ಪರೀಕ್ಷೆ ಮಾಡಿ ಕೊಟ್ಟ ಪ್ರಮಾಣಪತ್ರದಲ್ಲಿ ನಿನ್ನ ಗಾಡಿಯ ಮಾಡೆಲ್ ಇದೆಯೋ ಇಲ್ಲವೋ ಓದಿ ನೋಡು. ಬಿಎಸ್-6 ಪೆಟ್ರೋಲ್ ಕಾರಿಗೂ ಕಿಟ್ ಹಾಕಿಸಲು 2022ರಲ್ಲಿ ನಿಯಮ ಬಂದಿದೆ.

• ಆರ್‌ಸಿ, ವಿಮೆ ಎರಡರಲ್ಲೂ ಬರೆಸು. ನಮ್ಮ ಕೆಎ-48 ಗಾಡಿಗಳಿಗೆ ಜಮಖಂಡಿ ಕಚೇರಿ. ಆರ್‌ಸಿಯಲ್ಲಿ ಪೆಟ್ರೋಲ್ ಜೊತೆ ಎಲ್‌ಪಿಜಿ ಅಂತ ಬರಬೇಕು. ವಿಮೆ ಕಂಪನಿಗೂ ತಿಳಿಸಿ, ಹೆಚ್ಚಿನ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಕಿಟ್ ಬರೆಸು. ಅದನ್ನು ಬಿಟ್ಟರೆ ಅಪಘಾತವಾದ ದಿನ ಕ್ಲೇಮ್ ಕೈಗೆ ಹತ್ತುವುದು ಕಷ್ಟ.

ಕೂಡಿಸುವಾಗ

• ಅಡುಗೆ ಸಿಲಿಂಡರ್ ಮುಟ್ಟಬೇಡ. ಇದು ನನ್ನ ಎಲ್ಲ ಮಾತಿಗಿಂತ ದೊಡ್ಡ ಮಾತು. 14.2 ಕೆ.ಜಿ.ಯ ಸಿಲಿಂಡರ್ ನೆಟ್ಟಗೆ ನಿಂತು, ಮೇಲಿನ ಆವಿಯನ್ನು ಸಣ್ಣಗೆ ಒಲೆಗೆ ಕೊಡಲಿಕ್ಕೆ ಮಾಡಿದ್ದು. ಕಾರಿನಲ್ಲಿ ಅಡ್ಡ ಮಲಗಿಸಿದರೆ ಆವಿಯ ಬದಲು ದ್ರವವೇ ಹೊರಬರುತ್ತದೆ, ಒಲೆಯ ರೆಗ್ಯುಲೇಟರ್ ಅದನ್ನು ತಡೆಯಲಾರದು. ಪೈಪ್ ಹರಿದರೆ ತಾನೇ ಬಂದ್ ಆಗುವ ವಾಲ್ವ್ ಅದಕ್ಕಿಲ್ಲ. ಅದರಿಂದ ಕಾರಿನ ಟ್ಯಾಂಕಿಗೆ ಮೋಟಾರ್ ಹಚ್ಚಿ ಗ್ಯಾಸ್ ಬಸಿಯುವುದಂತೂ ಜೀವದ ಜೊತೆ ಜೂಜು. ಅಗತ್ಯ ವಸ್ತುಗಳ ಕಾಯ್ದೆಯಡಿ ಜೈಲಿಗೆ ಹೋಗುವ ಅಪರಾಧವೂ ಹೌದು.

• ಟ್ಯಾಂಕ್ ಮೇಲಿನ ಅಕ್ಷರ ಓದು. ಗಾಡಿಗೆಂದೇ ಮಾಡಿದ ಟ್ಯಾಂಕಿನ ಮೇಲೆ ನಂಬರ್, ಪರೀಕ್ಷೆಯ ತಾರೀಖು ಕೊರೆದಿರುತ್ತದೆ. ಐದು ವರ್ಷಕ್ಕೊಮ್ಮೆ ಅದನ್ನು ಮತ್ತೆ ಪರೀಕ್ಷೆ ಮಾಡಿಸಬೇಕು. ಗುಜರಿಯಿಂದ ತಂದ ಟ್ಯಾಂಕ್ ಎಷ್ಟು ಅಗ್ಗವಾದರೂ ಬೇಡ.

• ಮಲ್ಟಿವಾಲ್ವ್, ಪೆಟ್ಟಿಗೆ, ಹೊರಗಾಳಿಯ ಪೈಪ್. ಟ್ಯಾಂಕ್ ನೂರಕ್ಕೆ 80 ತುಂಬಿದೊಡನೆ ಮಲ್ಟಿವಾಲ್ವ್ ತಾನೇ ನಿಲ್ಲಿಸಬೇಕು. ಉಳಿದ ಜಾಗ ನಮ್ಮ ಬೇಸಿಗೆಯ ಬಿಸಿಲಿಗೆ ದ್ರವ ಹಿಗ್ಗಲು ಬೇಕು. ವಾಲ್ವಿನ ಸುತ್ತ ಗ್ಯಾಸ್ ಬಿಗಿಯ ಪೆಟ್ಟಿಗೆ ಇರಬೇಕು, ಅದರ ಪೈಪ್ ಗಾಡಿಯ ಹೊರಗೆ ತೆರೆಯಬೇಕು. 60 ಲೀಟರಿನ ಟ್ಯಾಂಕಿಗೆ ಬಂಕಿನಲ್ಲಿ 48 ಲೀಟರಿಗಿಂತ ಹೆಚ್ಚು ಹಿಡಿಯಿತು ಅಂದರೆ ಆ ವಾಲ್ವ್ ಕೆಟ್ಟಿದೆ, ತಕ್ಷಣ ತೋರಿಸು.

• ಪಕ್ಕದಲ್ಲಿ ನಿಂತು ನೋಡು. ಟ್ಯಾಂಕಿನ ಬೋಲ್ಟ್ ಗಾಡಿಯ ಗಟ್ಟಿ ಜಾಗಕ್ಕೆ ಬಿಗಿದಿದೆಯೇ, ಪೈಪ್ ಸೈಲೆನ್ಸರಿನಿಂದ ದೂರ ಹೋಗಿದೆಯೇ, ಕಲ್ಲು ತಾಗುವಷ್ಟು ಕೆಳಗೆ ಜೋತಿದೆಯೇ ಅಂತ ನೋಡಿ ಕೇಳು. ಒಳ್ಳೆಯ ಫಿಟರ್ ಉತ್ತರ ಕೊಡುತ್ತಾನೆ. ಸಿಡುಕುವವನ ಹತ್ತಿರ ಕೆಲಸ ಮಾಡಿಸಬೇಡ.

ಹಾಕಿಸಿದ ಮೇಲೆ ದಿನದ ನಿಗಾ

• ಸಾಬೂನು ನೀರು ಕೈಯಲ್ಲಿರಲಿ. ವಾರಕ್ಕೊಮ್ಮೆ ಇಂಜಿನ್ ಬಂದ್ ಮಾಡಿ, ಬಯಲಿನಲ್ಲಿ ನಿಲ್ಲಿಸಿ, ಕಣ್ಣಿಗೆ ಕಾಣುವ ಪ್ರತಿ ಜಾಯಿಂಟಿಗೂ ಬ್ರಶ್ಶಿನಿಂದ ನೊರೆ ಹಚ್ಚು. ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡು. ನೊರೆ ಸುಮ್ಮನೆ ಇಳಿದರೆ ಸರಿ. ಒಂದೇ ಜಾಗದಲ್ಲಿ ಗುಳ್ಳೆ ಎದ್ದು, ದೊಡ್ಡದಾಗಿ, ಒಡೆದು ಮತ್ತೆ ಎದ್ದರೆ ಅಲ್ಲಿ ಸೋರುತ್ತಿದೆ. ಪಾನಾ ಹಿಡಿಯಬೇಡ. ಟ್ಯಾಂಕಿನ ವಾಲ್ವ್ ಬಂದ್ ಮಾಡಿ ಫಿಟರ್‌ಗೆ ಹೇಳು. ಕಡ್ಡಿ ಗೀರಿ ಸೋರಿಕೆ ನೋಡುವವನ ಹತ್ತಿರ ನಿಲ್ಲಲೂ ಬೇಡ.

• ಕೂಲಂಟ್ ನೋಡು. ದ್ರವ ಗ್ಯಾಸ್ ಆವಿಯಾಗುವಾಗ ವೇಪರೈಸರ್ ತಣ್ಣಗಾಗುತ್ತದೆ, ಇಂಜಿನ್ನಿನ ಬಿಸಿನೀರು ಅದನ್ನು ಕಾಯಿಸಬೇಕು. ಬೇಸಿಗೆಯಲ್ಲೂ ವೇಪರೈಸರ್ ಮೇಲೆ ಬಿಳಿ ಹಿಮ ಕಂಡರೆ ಕೂಲಂಟ್ ಕಡಿಮೆಯಾಗಿದೆ ಅಥವಾ ಹರಿಯುತ್ತಿಲ್ಲ.

• ಪೆಟ್ರೋಲ್ ಒಣಗಿಸಬೇಡ. ಮುಂಜಾನೆ ಪೆಟ್ರೋಲಿನ ಮೇಲೆ ಚಾಲೂ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಗ್ಯಾಸಿಗೆ ಹೋಗು. ಟ್ಯಾಂಕಿನಲ್ಲಿ ಕಾಲು ಭಾಗವಾದರೂ ಪೆಟ್ರೋಲ್ ಇರಲಿ, ಇಲ್ಲವಾದರೆ ಒಳಗಿನ ಪಂಪ್ ಸುಟ್ಟೀತು.

• ಹೊಳೆ ಬಂದರೆ. 2019ರ ಆಗಸ್ಟಿನಂತೆ ಕೃಷ್ಣೆ ಊರೊಳಗೆ ಬಂದು ಗಾಡಿ ಮುಳುಗಿದರೆ, ನೀರಿಳಿದ ಮೇಲೆ ಕೀಲಿ ತಿರುಗಿಸಬೇಡ. ವಾಲ್ವ್, ವೈರ್, ಕೆಸರು ತುಂಬಿದ ಹೊರಗಾಳಿ ಪೈಪ್ ಎಲ್ಲ ಫಿಟರ್ ನೋಡಿದ ಮೇಲೆಯೇ ಗ್ಯಾಸ್ ಬಿಡಬೇಕು.

ವಾಸನೆ ಬಂದರೆ

• ಗ್ಯಾಸ್ ತಗ್ಗು ಹುಡುಕುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಹೊಲಕ್ಕೆ ಬಿಟ್ಟ ಕಾಲುವೆ ನೀರಿನಂತೆ ನೆಲ ಹಿಡಿದು ಹರಿದು ಗಟಾರ, ಗ್ಯಾರೇಜಿನ ಗುಂಡಿ, ಹಳೆಯ ಹಗೇವಿನಲ್ಲಿ ನಿಲ್ಲುತ್ತದೆ. ಒಂದು ಲೀಟರ್ ದ್ರವ ಸೋರಿದರೆ ಸುಮಾರು 250 ಲೀಟರ್ ಆವಿ. ಗಾಳಿಯಲ್ಲಿ ಅದು ನೂರಕ್ಕೆ ಎರಡರಷ್ಟು ಬೆರೆತರೂ ಕಿಡಿ ಹಿಡಿಯುತ್ತದೆ. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಸೋರಿದ ಗ್ಯಾಸಿಗೆ ಬೆಂಕಿ ಹತ್ತಿದಾಗ ಪಕ್ಕದ ಮನೆಗಳವರೂ ಸತ್ತರು.

• ಹೀಗೆ ಮಾಡು. ಗಾಡಿ ನಿಲ್ಲಿಸಿ ಕೀಲಿ ತೆಗಿ. ಎಲ್ಲರನ್ನೂ ಇಳಿಸಿ, ಬಾಗಿಲು ತೆರೆದಿಟ್ಟು, ಗಾಳಿ ಬರುವ ದಿಕ್ಕಿಗೆ, ಏರು ಜಾಗಕ್ಕೆ ಕಳಿಸು. ಕೈಗೆ ಸಿಕ್ಕರೆ ಟ್ಯಾಂಕಿನ ವಾಲ್ವ್ ಬಂದ್ ಮಾಡು. ಬೀಡಿ, ಲೈಟಿನ ಸ್ವಿಚ್ ಯಾವುದೂ ಬೇಡ. ದೂರ ಹೋದ ಮೇಲೆ 112ಕ್ಕೆ ಫೋನ್ ಮಾಡು.

ಕೊನೆಗೆ ಒಂದು ಮಾತು. ನಿಮ್ಮ ಓಣಿಯಲ್ಲಿ ಸೀಟಿನ ಹಿಂದೆ ಅಡುಗೆ ಸಿಲಿಂಡರ್ ಇಟ್ಟುಕೊಂಡು ಶಾಲೆ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ಕಂಡರೆ, ನಮಗ್ಯಾಕೆ ಬೇಕು ಅಂತ ಸುಮ್ಮನಿರಬೇಡ. ಮೊದಲು ಮಾಲೀಕನಿಗೆ ಹೇಳು, ಆಮೇಲೆ ಆ ಮಕ್ಕಳ ತಾಯಿತಂದೆಗೆ ಹೇಳು, ಅದಕ್ಕೂ ಕೇಳದಿದ್ದರೆ ಪೊಲೀಸರಿಗೆ ಹೇಳು. ಅವನು ಸಿಟ್ಟಾದರೆ ಆಗಲಿ, ಮಕ್ಕಳು ಉಳಿಯುತ್ತಾರೆ.