ಸುಟ್ಟ ರಬ್ಬರ್ ವಾಸನೆ: ಜಾಬ್ ಕಾರ್ಡ್‌ನಲ್ಲಿ ಏನು ಬರೆಸಬೇಕು?

ಕಾರಿನಲ್ಲಿ ಸುಟ್ಟ ರಬ್ಬರ್ ವಾಸನೆ ಬಂದರೆ ಕಾನೂನಿನ ಮಾತು ಆಮೇಲೆ. ಮೊದಲು ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಎಲ್ಲರೂ ಇಳಿಯಿರಿ. ಹೊಗೆ ಕಂಡರೆ ಬಾನೆಟ್ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಭುಗಿಲೇಳುತ್ತದೆ. ದೂರ ಸರಿದು 112ಕ್ಕೆ ಕರೆ ಮಾಡಿ. ಹೊಗೆಯಿಲ್ಲದಿದ್ದರೆ, ವಾಸನೆ ಯಾವಾಗ, ಯಾವ ಬದಿಯಿಂದ ಬಂತು ಎಂದು ಅಲ್ಲೇ ಮೊಬೈಲ್‌ನಲ್ಲಿ ಬರೆದಿಡಿ. ವಾಸನೆಯ ಫೋಟೋ ತೆಗೆಯಲಾಗುವುದಿಲ್ಲ. ಗಾಡಿ ಸರ್ವಿಸ್ ಸೆಂಟರ್ ತಲುಪುವಷ್ಟರಲ್ಲಿ ಅದು ಹೋಗಿಯೂ ಬಿಟ್ಟಿರುತ್ತದೆ.

ಎ.ಸಿ. ಹಾಕಿದ ಕೂಡಲೇ ಕಿರ್ರೆನ್ನುವ ಸದ್ದಿನ ಜೊತೆ ವಾಸನೆ ಬಂದರೆ ಬೆಲ್ಟ್ ಜಾರುತ್ತಿರಬಹುದು. ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಮಾತ್ರ ರೇಸ್ ಆಗಿ ಗಾಡಿ ಎಳೆಯದಿದ್ದರೆ ಕ್ಲಚ್ ಮೇಲೆ ಅನುಮಾನ. ಒಂದೇ ಚಕ್ರ ಕೈ ಹತ್ತಿರ ಒಯ್ಯಲಾಗದಷ್ಟು ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಸೈಲೆನ್ಸರ್ ಪೈಪಿಗೆ ಅಂಟಿದ ಪ್ಲಾಸ್ಟಿಕ್ ಚೀಲವೂ ಇಂಥದ್ದೇ ವಾಸನೆ ಬಿಡುತ್ತದೆ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ವೈರಿಂಗ್ ಸುಡುತ್ತಿರಬಹುದು, ಆಗ ಓಡಿಸಲೇಬೇಡಿ, ಟೋ ಮಾಡಿಸಿ.

ಈ ವ್ಯತ್ಯಾಸದ ಮೇಲೆಯೇ ದುಡ್ಡು ಯಾರದ್ದೆಂಬುದು ನಿಂತಿದೆ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಬೆಲ್ಟ್‌ಗಳು ಸಾಮಾನ್ಯವಾಗಿ ವಾರಂಟಿಯ ಹೊರಗೆ. ಅವು ಸವೆಯುವ ಭಾಗಗಳು. ‘ನಿಮ್ಮ ಡ್ರೈವಿಂಗ್ ಸರಿಯಿಲ್ಲ ಸಾರ್’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆದರೆ ಆಯಿಲ್ ಸೀಲ್ ಸೋರಿ ಕ್ಲಚ್ ಪ್ಲೇಟ್ ಒದ್ದೆಯಾಗಿ ಜಾರಿದ್ದರೆ ಅದು ಸವೆತವಲ್ಲ. ಆದ್ದರಿಂದ ಯಾವ ಭಾಗ ಸುಟ್ಟಿತು ಎಂದು ಕೇಳಿ ಸುಮ್ಮನಾಗಬೇಡಿ, ಏಕೆ ಸುಟ್ಟಿತು ಎಂದು ಬರವಣಿಗೆಯಲ್ಲಿ ಕೇಳಿ.

ಬರವಣಿಗೆ ಎಂದರೆ ಜಾಬ್ ಕಾರ್ಡ್. ಗ್ರಾಹಕರ ದೂರು ಬರೆಯುವ ಜಾಗದಲ್ಲಿ ಸರ್ವಿಸ್ ಅಡ್ವೈಸರ್ ಅವಸರದಲ್ಲಿ ‘ಜನರಲ್ ಚೆಕಪ್’ ಎಂದು ಹಾಕಿರುತ್ತಾರೆ. ಅದಕ್ಕೆ ಸಹಿ ಮಾಡಬೇಡಿ. ‘ಎ.ಸಿ. ಹಾಕಿ ಹತ್ತು ನಿಮಿಷಕ್ಕೆ ಬಾನೆಟ್ ಎಡಬದಿಯಿಂದ ಸುಟ್ಟ ರಬ್ಬರ್ ವಾಸನೆ; ಇದೇ ದೂರು ಎರಡನೇ ಬಾರಿ’ ಎಂದು, ಓಡಿದ ಕಿಲೋಮೀಟರ್ ಸಹಿತ ಬರೆಸಿ ಪ್ರತಿ ಪಡೆಯಿರಿ. ‘ಎರಡನೇ ಬಾರಿ’ ಎಂಬ ಆ ಎರಡು ಪದಗಳಿಗೆ ಮುಂದೆ ಗ್ರಾಹಕ ಆಯೋಗದಲ್ಲಿ ಬಹಳ ತೂಕವಿದೆ. ಅಂದಾಜು ಖರ್ಚನ್ನು ಮೊದಲೇ ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಸಣ್ಣ ಗ್ಯಾರೇಜಾದರೂ ಬಿಲ್ ಬಿಡಬೇಡಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ.

ಬಿಲ್ ವಿಪರೀತವೆನಿಸಿದರೆ? ‘ದುಡ್ಡು ಕಟ್ಟದೆ ಗಾಡಿ ಬಿಡಲ್ಲ’ ಎನ್ನಲು ಗ್ಯಾರೇಜಿಗೂ ಹಕ್ಕಿದೆ. ಮಾಡಿದ ಕೆಲಸದ ನ್ಯಾಯವಾದ ಕೂಲಿ ಸಿಗುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದೆಂದು ಭಾರತೀಯ ಕರಾರು ಕಾಯ್ದೆಯ 170ನೇ ಕಲಂ ಹೇಳುತ್ತದೆ. ಗಲಾಟೆ ಬೇಡ. ಬಿಲ್ ಮೇಲೆ ‘ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ’ ಎಂದು ಬರೆದು, ಫೋಟೋ ತೆಗೆದು, ಹಣ ಕಟ್ಟಿ ಗಾಡಿ ಬಿಡಿಸಿಕೊಳ್ಳಿ. ಜಗಳವನ್ನು ಕಾಗದದ ಮೇಲೆ ಮುಂದುವರಿಸಿ.

ಮೊದಲು ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರಿಗೂ ಇಮೇಲ್ ಅಥವಾ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕೊಡಿ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಎಷ್ಟೋ ದೂರುಗಳು ಮಾತುಕತೆಯಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ಕಾರು ಕೊಂಡದ್ದು ಬೆಂಗಳೂರಿನಲ್ಲಾದರೂ ವಾಸವಿರುವುದು ಹಾಸನದಲ್ಲಾದರೆ ಹಾಸನದಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ‘ಮುಂದಿನ ಸರ್ವಿಸ್‌ನಲ್ಲಿ ನೋಡೋಣ’ ಎಂಬ ಮಾತಿಗೆ ಜೋತುಬಿದ್ದು ಈ ಅವಧಿ ಕಳೆದುಕೊಳ್ಳುವವರೇ ಹೆಚ್ಚು.

ಟ್ಯಾಕ್ಸಿ ಇಟ್ಟುಕೊಂಡವರಿಗೊಂದು ಮಾತು. ಹಳದಿ ಬೋರ್ಡ್ ಎಂದಾಕ್ಷಣ ನೀವು ಗ್ರಾಹಕರಲ್ಲ ಎಂದು ಎದುರು ಪಕ್ಷ ವಾದಿಸಬಹುದು. ಆದರೆ ಜೀವನೋಪಾಯಕ್ಕಾಗಿ ಸ್ವಯಂ ಉದ್ಯೋಗ ಮಾಡಿಕೊಂಡವರು ಗ್ರಾಹಕರೇ ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆಯ ವಿವರಣೆಯಲ್ಲೇ ಇದೆ.

ತಯಾರಿಕಾ ದೋಷವೆಂದು ಹೇಳಿದವರೇ ಅದನ್ನು ಸಾಬೀತು ಮಾಡಬೇಕು. ತಜ್ಞರ ವರದಿಯಿಲ್ಲದೆ ಬಿದ್ದುಹೋಗುವ ದೂರುಗಳು ಬಹಳ. ದೋಷ ಪರೀಕ್ಷೆಯಿಲ್ಲದೆ ತಿಳಿಯದಂಥದ್ದಾದರೆ ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಲು ಕೋರಿ ಆಯೋಗಕ್ಕೆ ಅರ್ಜಿ ಕೊಡಿ. ಬೇಡಿಕೆಯೂ ಹಿಡಿತದಲ್ಲಿರಲಿ: ಬದಲಾಯಿಸಿ ಸರಿಪಡಿಸಬಹುದಾದ ಭಾಗಕ್ಕಾಗಿ ಇಡೀ ಕಾರನ್ನೇ ಬದಲಿಸಿಕೊಡಿ ಎನ್ನಲಾಗದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2006ರಲ್ಲೇ ತಳೆದಿದೆ. ಒಂದೇ ಮಾದರಿಯ ಹಲವು ಕಾರುಗಳಲ್ಲಿ ವೈರಿಂಗ್ ಸುಡುತ್ತಿದ್ದರೆ ದಾರಿ ಬೇರೆ. ಮೋಟಾರು ವಾಹನ ಕಾಯ್ದೆಯ 110ಎ ಕಲಂ ಪ್ರಕಾರ ಅಂಥ ವಾಹನಗಳನ್ನು ವಾಪಸ್ ಕರೆಸಿಕೊಳ್ಳುವಂತೆ ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು.

ವಿಮೆಯ ವಿಷಯ. ಸಮಗ್ರ ಪಾಲಿಸಿಯಲ್ಲಿ ಬೆಂಕಿಗೆ, ತಾನಾಗಿ ಹೊತ್ತಿಕೊಂಡದ್ದಕ್ಕೂ ರಕ್ಷಣೆಯಿದೆ. ಯಾಂತ್ರಿಕ ಅಥವಾ ವಿದ್ಯುತ್ ಕೆಡುಕಿಗೆ, ಸವೆತಕ್ಕೆ ಇಲ್ಲ. ಕೆಟ್ಟ ಗಾಡಿಯನ್ನು ರಿಪೇರಿ ಮಾಡಿಸದೆ ಓಡಿಸಿದರೆ ಹೆಚ್ಚಾದ ಹಾನಿ ಮಾಲೀಕರದ್ದೇ ಎಂಬ ಷರತ್ತೂ ಪಾಲಿಸಿಯಲ್ಲಿರುತ್ತದೆ. ವಾಸನೆ ಬಂದ ಮೇಲೂ ಊರು ಮುಟ್ಟಿಸಿಬಿಡೋಣ ಎಂದು ಐವತ್ತು ಕಿಲೋಮೀಟರ್ ಓಡಿಸಿದ್ದರೆ ಸರ್ವೇಯರ್ ಮೊದಲು ಕೇಳುವುದೇ ಅದನ್ನು. ಟೋ ಮಾಡಿಸಿದ ರಸೀದಿಯಿದ್ದರೆ ಅವರ ಮುಂದಿಡಿ.