ಬ್ಯಾಕಿಂಗ್ ಫೈಲ್ ಸಿಗುತ್ತಿಲ್ಲವೇ? ಡಿಸ್ಕ್ ಸರಿಪಡಿಸಿ, ಹಂತ ಹಂತವಾಗಿ

ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ಸಾಗಿಸಿದ ಮೇಲೆ ವರ್ಚುಯಲ್ ಮಷೀನ್ ಆನ್ ಆಗುತ್ತಿಲ್ಲ, ‘ಕುಡ್ ನಾಟ್ ಓಪನ್ ಬ್ಯಾಕಿಂಗ್ ಫೈಲ್’ ಎನ್ನುತ್ತಿದೆ. ಭಯಪಡಬೇಡಿ. ಸಾಮಾನ್ಯವಾಗಿ ಡೇಟಾ ಎಲ್ಲೂ ಹೋಗಿರುವುದಿಲ್ಲ, ವಿಳಾಸ ಹಳೆಯದಾಗಿದೆ ಅಷ್ಟೇ.

ವರ್ಚುಯಲ್ ಮಷೀನ್ ಓಡಿಸುವ ಕ್ಯೂಎಮು ತಂತ್ರಾಂಶದ ಕ್ಯೂಕೌ2 ಡಿಸ್ಕ್‌ಗೆ ಎರಡು ಪದರ ಇರಬಹುದು: ಕೆಳಗೆ ಬ್ಯಾಕಿಂಗ್ ಫೈಲ್, ಮೇಲೆ ಓವರ್‌ಲೇ. ಹೊಸದಾಗಿ ಬರೆದದ್ದೆಲ್ಲ ಓವರ್‌ಲೇಗೆ ಸೇರುತ್ತದೆ. ಓದುವಾಗ ಕ್ಯೂಎಮು ಮೊದಲು ಓವರ್‌ಲೇಯಲ್ಲಿ ಹುಡುಕುತ್ತದೆ. ಬೇಕಾದ ಕ್ಲಸ್ಟರ್, ಅಂದರೆ ಸಾಮಾನ್ಯವಾಗಿ 64 ಕೆಬಿ ತುಂಡು, ಅಲ್ಲಿಲ್ಲದಿದ್ದರೆ ಕೆಳಗಿನ ಫೈಲ್‌ನಿಂದ ತರುತ್ತದೆ. ಆ ಫೈಲ್‌ನ ವಿಳಾಸ ಓವರ್‌ಲೇಯ ಹೆಡರ್‌ನಲ್ಲಿದೆ. ನಾವು ತಿದ್ದುವುದು ಅದನ್ನು ಮಾತ್ರ.

ನಮ್ಮ ಉದಾಹರಣೆಯಲ್ಲಿ ಓವರ್‌ಲೇ ಹೆಸರು ‘ವೆಬ್.ಕ್ಯೂಕೌ2’, ಬ್ಯಾಕಿಂಗ್ ಫೈಲ್ ‘ಡೆಬಿಯನ್.ಕ್ಯೂಕೌ2’. ಟರ್ಮಿನಲ್‌ನಲ್ಲಿ ಎಲ್ಲವನ್ನೂ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಐದನೇ ಹಂತದ ‘ಎಫ್’ ಮಾತ್ರ ದೊಡ್ಡಕ್ಷರ.

1. ವರ್ಚುಯಲ್ ಮಷೀನನ್ನು ಪೂರ್ತಿ ಆಫ್ ಮಾಡಿ. ಓಡುತ್ತಿರುವ ಮಷೀನ್‌ನ ಡಿಸ್ಕ್ ಮುಟ್ಟಿದರೆ ಅದು ಕೆಡಬಹುದು.

2. ಓವರ್‌ಲೇಯ ಒಂದು ನಕಲು ತೆಗೆದಿಡಿ. ಏನಾದರೂ ಎಡವಟ್ಟಾದರೆ ಇದೇ ನಿಮ್ಮ ರಕ್ಷಣೆ.

3. ಹಳೆಯ ವಿಳಾಸ ನೋಡಿ: ‘ಕ್ಯೂಎಮು-ಇಮ್‌ಜಿ ಇನ್ಫೋ ವೆಬ್.ಕ್ಯೂಕೌ2’. ಉತ್ತರದಲ್ಲಿ ‘ಬ್ಯಾಕಿಂಗ್ ಫೈಲ್’ ಎಂಬ ಸಾಲು ಹುಡುಕಿ, ಅಲ್ಲಿರುವ ಹೆಸರು ಬರೆದಿಟ್ಟುಕೊಳ್ಳಿ.

4. ಆ ಫೈಲ್ ಈಗ ಎಲ್ಲಿದೆ ಎಂದು ಹುಡುಕಿ, ಅದರ ಮೇಲೂ ‘ಇನ್ಫೋ’ ಓಡಿಸಿ ಫಾರ್ಮ್ಯಾಟ್ ಖಚಿತಪಡಿಸಿಕೊಳ್ಳಿ. ಎಚ್ಚರ: ಹೆಸರು ಒಂದೇ ಇದ್ದರೆ ಸಾಲದು, ಅದೇ ಫೈಲ್ ಆಗಿರಬೇಕು. ಓವರ್‌ಲೇ ಮಾಡಿದ ಮೇಲೆ ಈ ಬ್ಯಾಕಿಂಗ್ ಫೈಲ್‌ನೊಳಗೆ ಏನನ್ನೂ ಬರೆದಿರಬಾರದು.

5. ವಿಳಾಸ ತಿದ್ದಿ: ‘ಕ್ಯೂಎಮು-ಇಮ್‌ಜಿ ರೀಬೇಸ್ -ಯು -ಬಿ ಡೆಬಿಯನ್.ಕ್ಯೂಕೌ2 -ಎಫ್ ಕ್ಯೂಕೌ2 ವೆಬ್.ಕ್ಯೂಕೌ2’. ‘-ಬಿ’ ಆದಮೇಲೆ ಹೊಸ ವಿಳಾಸ, ‘-ಎಫ್’ ಆದಮೇಲೆ ಬ್ಯಾಕಿಂಗ್ ಫೈಲ್‌ನ ಫಾರ್ಮ್ಯಾಟ್. ‘-ಯು’ ಹೆಡರನ್ನು ಮಾತ್ರ ಬದಲಿಸುತ್ತದೆ, ಒಳಗಿನ ಡೇಟಾ ಹೊಂದುತ್ತದೆಯೇ ಎಂದು ನೋಡುವುದಿಲ್ಲ. ಹಾಗಾಗಿ ಎಂಟರ್ ಒತ್ತುವ ಮುನ್ನ ಪ್ರತಿ ಅಕ್ಷರ ಓದಿ. ಹೊಸಬರು ಎಡವುವುದು ಇಲ್ಲೇ: ಬರಿಯ ಹೆಸರು ಕೊಟ್ಟರೆ ಓವರ್‌ಲೇ ಇರುವ ಫೋಲ್ಡರ್‌ನಲ್ಲೇ ಹುಡುಕಲಾಗುತ್ತದೆ, ನೀವು ನಿಂತಿರುವ ಫೋಲ್ಡರ್‌ನಲ್ಲಲ್ಲ. ಬ್ಯಾಕಿಂಗ್ ಫೈಲ್ ಬೇರೆಡೆ ಇದ್ದರೆ ಪೂರ್ತಿ ಪಾತ್ ಕೊಡಿ.

6. ಕೊಂಡಿ ಕೂಡಿತೇ ನೋಡಿ: ‘ಕ್ಯೂಎಮು-ಇಮ್‌ಜಿ ಇನ್ಫೋ --ಬ್ಯಾಕಿಂಗ್-ಚೈನ್ ವೆಬ್.ಕ್ಯೂಕೌ2’. ಎರಡೂ ಫೈಲ್‌ಗಳ ವಿವರ ಒಂದರ ಕೆಳಗೊಂದು ಬಂದರೆ ಗೆದ್ದಿರಿ.

7. ‘ಕ್ಯೂಎಮು-ಇಮ್‌ಜಿ ಚೆಕ್ ವೆಬ್.ಕ್ಯೂಕೌ2’ ಓಡಿಸಿ. ‘ನೋ ಎರರ್ಸ್’ ಎಂದು ಬರಬೇಕು. ಇದು ಓವರ್‌ಲೇಯ ಒಳಗಿನ ಲೆಕ್ಕವನ್ನಷ್ಟೇ ಪರೀಕ್ಷಿಸುತ್ತದೆ. ನಾಲ್ಕನೇ ಹಂತದ ಎಚ್ಚರ ನೀವೇ ವಹಿಸಬೇಕು.

8. ಬ್ಯಾಕಿಂಗ್ ಫೈಲನ್ನು ರೀಡ್-ಓನ್ಲಿ ಮಾಡಿ: ‘ಸಿಎಚ್‌ಮಾಡ್ ಎ-ಡಬ್ಲ್ಯು ಡೆಬಿಯನ್.ಕ್ಯೂಕೌ2’. ಅದರಲ್ಲಿ ಒಂದು ಬದಲಾವಣೆಯಾದರೂ ಅದನ್ನು ನಂಬಿರುವ ಓವರ್‌ಲೇಗಳೆಲ್ಲ ಕೆಡಬಹುದು.

9. ಮಷೀನ್ ಆನ್ ಮಾಡಿ, ಒಂದೆರಡು ಹಳೆಯ ಫೈಲ್ ತೆರೆದು ನೋಡಿ. ಎಲ್ಲ ಸರಿಯಿದ್ದರೆ ಮಾತ್ರ ನಕಲನ್ನು ಅಳಿಸಿ.

ಇನ್ನು ಮುಂದೆ ಎರಡೂ ಫೈಲ್‌ಗಳನ್ನು ಒಂದೇ ಫೋಲ್ಡರ್‌ನಲ್ಲಿಟ್ಟು, ವಿಳಾಸವಾಗಿ ಬರಿಯ ಹೆಸರು ಕೊಡಿ. ಆಗ ಫೋಲ್ಡರನ್ನೇ ಎಲ್ಲಿಗೆ ಸಾಗಿಸಿದರೂ ಕೊಂಡಿ ತಪ್ಪುವುದಿಲ್ಲ.